ರಜೆಯ ಲೆಕ್ಕಕ್ಕೆ ಗೂಗಲ್ ಶೀಟ್ಸ್: ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಎರಡು ವರ್ಷ

ದಾವಣಗೆರೆಯ ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸೀರೆ ವಿಭಾಗ, ಸಿದ್ಧ ಉಡುಪು, ಗೋದಾಮು, ಕ್ಯಾಶ್ ಕೌಂಟರ್ ಎಲ್ಲ ಸೇರಿ ನಮ್ಮಲ್ಲಿ ಇಪ್ಪತ್ತಾರು ನೌಕರರಿದ್ದಾರೆ. 2023ರ ಕೊನೆಯವರೆಗೂ ಇವರೆಲ್ಲರ ರಜೆ ಉದ್ದನೆಯ ಹಾಜರಿ ಪುಸ್ತಕದಲ್ಲಿಯೇ ದಾಖಲಾಗುತ್ತಿತ್ತು: ಬಂದವರಿಗೆ ಗೀಟು, ಬಾರದವರಿಗೆ ಕೆಂಪು ಶಾಯಿಯಲ್ಲಿ ‘ರ’. ಪಗಾರ ಹಾಕಲು ಒಂದು ತಿಂಗಳ ಪುಟ ನೋಡಿದರೆ ಮುಗಿಯುತ್ತಿದ್ದುದರಿಂದ ಆ ಪುಸ್ತಕದ ಕೊರತೆ ಯಾರ ಗಮನಕ್ಕೂ ಬಂದಿರಲಿಲ್ಲ. ಒಬ್ಬರ ರಜೆ ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ಮಾತ್ರ ಜನವರಿಯಿಂದ ಹಿಡಿದು ಪ್ರತಿ ಪುಟವನ್ನೂ ತಿರುವಿ ಕೆಂಪು ಅಕ್ಷರಗಳನ್ನು ಬೆರಳಿಟ್ಟು ಎಣಿಸಬೇಕಿತ್ತು. ಆ ವರ್ಷದ ದೀಪಾವಳಿ ಮುಗಿದ ವಾರ ಸೀರೆ ವಿಭಾಗದ ಹಿರಿಯ ನೌಕರರೊಬ್ಬರು ಬಂದು, ಮಗಳ ಬಾಣಂತನಕ್ಕೆ ಊರಿಗೆ ಹೋಗಬೇಕಾಗಿದೆ ಎಂದು ತಿಳಿಸಿ, “ನನ್ನ ರಜಾ ಇನ್ನೂ ಎಷ್ಟು ಐತ್ರಿ ಸರ್?” ಎಂದು ಕೇಳಿದರು. ಉತ್ತರ ಹೇಳಲು ನನಗೆ ಒಂದು ಸಂಜೆ ಹಿಡಿಯಿತು, ಮತ್ತು ನಾನು ಹೇಳಿದ ಸಂಖ್ಯೆ ಅವರ ನೆನಪಿನ ಲೆಕ್ಕಕ್ಕಿಂತ ಎರಡು ದಿನ ಕಡಿಮೆಯಿತ್ತು. ಮರುದಿನ ಮತ್ತೊಮ್ಮೆ ಎಣಿಸಿದಾಗ ಅವರ ಲೆಕ್ಕವೇ ಸರಿಯೆಂದು ತಿಳಿಯಿತು. ಇಪ್ಪತ್ತು ವರ್ಷ ದುಡಿದವರೊಬ್ಬರು ತಮ್ಮದೇ ರಜೆಯನ್ನು ವಾದ ಮಾಡಿ ಪಡೆಯಬೇಕಾಗಿ ಬಂದದ್ದು ನನಗೆ ಬಹಳ ನೋವಿನ ಸಂಗತಿಯಾಯಿತು.

ಸಾವುಕಾರರೊಂದಿಗೆ ಮಾತನಾಡಿ, 2024ರ ಜನವರಿಯಿಂದ ರಜೆಯ ಲೆಕ್ಕವನ್ನು ಕಂಪ್ಯೂಟರಿಗೆ ಹಾಕುವುದೆಂದು ತೀರ್ಮಾನಿಸಿದೆವು. ಇಂಟರ್‌ನೆಟ್ ಮೂಲಕ ಬಳಸುವ ಲೆಕ್ಕದ ಹಾಳೆಯಾದ ಗೂಗಲ್ ಶೀಟ್ಸ್ ಆರಿಸಿಕೊಂಡದ್ದಕ್ಕೆ ಕಾರಣ ಸರಳವಾಗಿತ್ತು: ಸಾಮಾನ್ಯ ಜಿಮೇಲ್ ಖಾತೆಯೊಂದಿದ್ದರೆ ಅದಕ್ಕೆ ಹಣ ಕೊಡಬೇಕಿಲ್ಲ, ಮತ್ತು ಅಂಗಡಿಯ ಕಂಪ್ಯೂಟರಿನಲ್ಲಿ ನಾನು ಬರೆದದ್ದನ್ನು ಸಾವುಕಾರರು ತಮ್ಮ ಮೊಬೈಲಿನಲ್ಲಿ ಆಗಲೇ ನೋಡಬಹುದು. ಅದಕ್ಕೂ ಮೊದಲು ತಲೆಗೆ ಇಷ್ಟು ಎಂದು ತಿಂಗಳ ಬಾಡಿಗೆ ಕೇಳುವ ಹಾಜರಾತಿ ಆ್ಯಪ್ ಒಂದನ್ನು ಒಂದು ತಿಂಗಳು ಬಳಸಿ ನೋಡಿದ್ದೆವು. ಅದು ಶನಿವಾರ, ಭಾನುವಾರ ಎರಡೂ ದಿನ ರಜೆಯಿರುವ ಕಚೇರಿಗಳಿಗಾಗಿ ರೂಪಿಸಿದ್ದಾಗಿತ್ತು. ಸರದಿಯ ಪ್ರಕಾರ ವಾರದ ರಜೆ ಪಡೆಯುವ ಅಂಗಡಿಯ ನೌಕರರಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಮೊದಲು ನಾನು ಮಾಡಿದ ಹಾಳೆ ಹಾಜರಿ ಪುಸ್ತಕದ ಪ್ರತಿಯೇ ಆಗಿತ್ತು. ಎಡಗಡೆ ಹೆಸರುಗಳು, ಮೇಲೆ 1ರಿಂದ 31ರವರೆಗೆ ದಿನಾಂಕಗಳು, ತಿಂಗಳಿಗೊಂದು ಹಾಳೆ, ರಜೆಯಿದ್ದ ಚೌಕದಲ್ಲಿ ‘ರ’, ಸಾಲಿನ ಕೊನೆಗೆ ಕೌಂಟ್‌ಇಫ್ ಸೂತ್ರದಿಂದ ಎಣಿಕೆ. ಮೊದಲ ಬಾರಿಗೆ ಇಂಥ ಹಾಳೆ ಮಾಡುವವರೆಲ್ಲ ಬಹುಶಃ ಹೀಗೆಯೇ ಆರಂಭಿಸುತ್ತಾರೆ, ಏಕೆಂದರೆ ಕಣ್ಣಿಗೆ ಅಭ್ಯಾಸವಾದ ರೂಪ ಅದೇ. ಫೆಬ್ರವರಿ ಮುಗಿಯುವಷ್ಟರಲ್ಲಿ ಅದರ ತೊಂದರೆ ಕಾಣತೊಡಗಿತು. ನಾನು ‘ರ’ ಎಂದು ಬರೆದರೆ ಕ್ಯಾಶ್ ಕೌಂಟರಿನವರು ‘ರಜೆ’ ಎಂದು ಬರೆಯುತ್ತಿದ್ದರು. ಒಮ್ಮೊಮ್ಮೆ ಅಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿಕೊಂಡು ಆ ದಿನ ಎಣಿಕೆಯಿಂದಲೇ ಬಿಟ್ಟುಹೋಗುತ್ತಿತ್ತು. ಅರ್ಧ ದಿನದ ರಜೆಯನ್ನು ಒಂದೇ ಅಕ್ಷರದಲ್ಲಿ ಹೇಳುವುದು ಹೇಗೆಂಬುದೂ ತಿಳಿಯಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷದ ಬಾಕಿಗೆ ಹನ್ನೆರಡು ಹಾಳೆಗಳ ಮೊತ್ತವನ್ನು ಮತ್ತೆ ಕೂಡಿಸಬೇಕಿತ್ತು, ಅಂದರೆ ಪುಸ್ತಕದಲ್ಲಿದ್ದ ಕಷ್ಟವನ್ನೇ ಪರದೆಯ ಮೇಲೆ ತಂದಿಟ್ಟಂತಾಗಿತ್ತು.

ಮಾರ್ಚಿನಲ್ಲಿ ಅದನ್ನು ಬಿಟ್ಟು ಮತ್ತೊಂದು ಹಾಳೆ ಕಟ್ಟಿದೆ, ಅದೇ ಇಂದಿಗೂ ನಡೆಯುತ್ತಿದೆ. ಈ ಸಾಧನದ ನಿಜವಾದ ಬಲ ನನಗೆ ಅರ್ಥವಾದದ್ದು ಆಗ. ಬರೆದಿಡುವ ಜಾಗ ಬೇರೆ, ಲೆಕ್ಕ ತೋರಿಸುವ ಜಾಗ ಬೇರೆ ಇರಬೇಕು. ಒಬ್ಬರು ಒಮ್ಮೆ ರಜೆ ಹಾಕಿದರೆ ಅದಕ್ಕೆ ಒಂದೇ ಒಂದು ಸಾಲು: ನೌಕರರ ಸಂಖ್ಯೆ, ಹೆಸರು, ರಜೆಯ ಬಗೆ, ಮೊದಲ ದಿನ, ಕೊನೆಯ ದಿನ, ಪೂರ್ತಿ ದಿನವೋ ಅರ್ಧ ದಿನವೋ ಎಂಬುದು, ಕೊನೆಯಲ್ಲಿ ಒಟ್ಟು ದಿನಗಳು. ಇಡೀ ವರ್ಷದ ರಜೆಗಳು ಒಂದರ ಕೆಳಗೊಂದು ಇದೇ ಹಾಳೆಯಲ್ಲಿ ಬರುತ್ತವೆ. ಬಗೆ ಮತ್ತು ಹೆಸರಿನ ಚೌಕಗಳಿಗೆ ಡೇಟಾ ವ್ಯಾಲಿಡೇಶನ್ ಮೂಲಕ ಡ್ರಾಪ್‌ಡೌನ್ ಪಟ್ಟಿ ಕಟ್ಟಿದ್ದೇನೆ, ಆದ್ದರಿಂದ ಯಾರು ತುಂಬಿದರೂ ಪಟ್ಟಿಯಿಂದ ಆರಿಸಲೇಬೇಕು. ಕಾಗುಣಿತ ಬದಲಾಗುವ ಪ್ರಶ್ನೆಯೇ ಬರುವುದಿಲ್ಲ. ಎರಡನೆಯ ಹಾಳೆಯಲ್ಲಿ ನೌಕರರ ಪಟ್ಟಿ, ಕೆಲಸಕ್ಕೆ ಸೇರಿದ ದಿನಾಂಕ ಮತ್ತು ಅವರಿಗೆ ಸಲ್ಲುವ ರಜೆ. ಅಲ್ಲಿಯೇ ಸಮ್‌ಇಫ್ಸ್ ಎಂಬ ಸೂತ್ರವು ಮೊದಲ ಹಾಳೆಯಿಂದ ಆಯಾ ನೌಕರರ ಸಾಲುಗಳನ್ನು ಮಾತ್ರ ಆಯ್ದು ಕೂಡಿಸಿ, ಸಲ್ಲುವ ರಜೆಯಿಂದ ಕಳೆದು, ಬಾಕಿಯನ್ನು ತೋರಿಸುತ್ತದೆ. ಒಂದು ಸಂಜೆ ಹಿಡಿಯುತ್ತಿದ್ದ ಉತ್ತರ ಈಗ ಹೆಸರು ಹುಡುಕುವಷ್ಟು ಹೊತ್ತಿನಲ್ಲಿ ಸಿಗುತ್ತದೆ.

ದಿನಗಳನ್ನು ಎಣಿಸುವ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಪ್ಪುಗಳು ಹೆಚ್ಚಾಗಿ ನುಸುಳುವುದು ಇಲ್ಲಿಯೇ. ಕೊನೆಯ ದಿನದಿಂದ ಮೊದಲ ದಿನವನ್ನು ಕಳೆದರೆ ಒಂದು ದಿನ ಕಡಿಮೆ ಬರುತ್ತದೆ. 10ರಿಂದ 12ರವರೆಗೆ ಮೂರು ದಿನ ರಜೆಯಿದ್ದರೆ ಕಳೆಯುವ ಲೆಕ್ಕ ಎರಡೆನ್ನುತ್ತದೆ. ನೆಟ್‌ವರ್ಕ್‌ಡೇಸ್ ಎಂಬ ಸೂತ್ರ ಎರಡೂ ತುದಿಗಳನ್ನು ಸೇರಿಸಿಯೇ ಎಣಿಸುತ್ತದೆ, ಆದರೆ ಅದು ಶನಿವಾರ ಮತ್ತು ಭಾನುವಾರ ಎರಡನ್ನೂ ವಾರದ ರಜೆಯೆಂದು ಬಿಟ್ಟುಬಿಡುತ್ತದೆ. ಗುರುವಾರದಿಂದ ಮುಂದಿನ ಮಂಗಳವಾರದವರೆಗೆ ರಜೆ ಹೋದವರಿಗೆ, ಭಾನುವಾರ ಮಾತ್ರ ವಾರದ ರಜೆಯಿದ್ದರೆ, ಐದು ದಿನ ಲೆಕ್ಕಕ್ಕೆ ಬರಬೇಕು. ಆ ಸೂತ್ರ ನಾಲ್ಕೆಂದು ತೋರಿಸುತ್ತದೆ. ಅಂಗಡಿಗಳಿಗೆ ಬೇಕಾದದ್ದು ಅದರ ತಮ್ಮನಂತಿರುವ ನೆಟ್‌ವರ್ಕ್‌ಡೇಸ್ ಡಾಟ್ ಇಂಟ್ಲ್. ಇದಕ್ಕೆ ವಾರದ ರಜೆ ಯಾವ ದಿನವೆಂದು ಒಂದು ಅಂಕಿಯ ಮೂಲಕ ಹೇಳಬಹುದು: 11 ಎಂದರೆ ಭಾನುವಾರ ಮಾತ್ರ, 12 ಎಂದರೆ ಸೋಮವಾರ ಮಾತ್ರ, ಹೀಗೆಯೇ ಮುಂದುವರಿದು 17 ಎಂದರೆ ಶನಿವಾರ ಮಾತ್ರ. ಮದುವೆಯ ಹಂಗಾಮಿನಲ್ಲಿ ನಮ್ಮ ಅಂಗಡಿ ಭಾನುವಾರವೂ ತೆರೆದಿರುವುದರಿಂದ ಕೆಲವರಿಗೆ ಸೋಮವಾರ, ಕೆಲವರಿಗೆ ಬುಧವಾರ ವಾರದ ರಜೆ. ಪ್ರತಿಯೊಬ್ಬರ ಅಂಕಿಯನ್ನೂ ನೌಕರರ ಹಾಳೆಯಲ್ಲಿ ಬರೆದು, ಸೂತ್ರವು ಅಲ್ಲಿಂದ ಅದನ್ನು ಎತ್ತಿಕೊಳ್ಳುವಂತೆ ಮಾಡಿದ್ದೆ.

ಈ ಏರ್ಪಾಡಿನಲ್ಲಿ ಒಂದು ಅಪಾಯವಿದೆ ಎಂಬುದು ಆಷಾಢದಲ್ಲಿ ಗೊತ್ತಾಯಿತು. ವ್ಯಾಪಾರ ಇಳಿದ ಆ ತಿಂಗಳಲ್ಲಿ ಎಲ್ಲರ ವಾರದ ರಜೆಯನ್ನೂ ಭಾನುವಾರಕ್ಕೆ ತಂದೆವು, ನಾನು ನೌಕರರ ಹಾಳೆಯಲ್ಲಿ ಅಂಕಿಗಳನ್ನು 11ಕ್ಕೆ ಬದಲಾಯಿಸಿದೆ. ಬದಲಾಯಿಸಿದ ಕ್ಷಣವೇ ಏಪ್ರಿಲ್ ಮತ್ತು ಮೇ ತಿಂಗಳ ಹಳೆಯ ರಜೆಗಳ ದಿನಗಳೂ ಮರುಲೆಕ್ಕವಾಗಿ, ನಾಲ್ವರ ಬಾಕಿ ಹೆಚ್ಚುಕಡಿಮೆಯಾಯಿತು. ಹಿಂದಿನ ತಿಂಗಳ ಮುದ್ರಿತ ಪ್ರತಿ ಕೈಯಲ್ಲಿ ಇರದಿದ್ದರೆ ನಾನು ಅದನ್ನು ಗಮನಿಸುತ್ತಲೇ ಇರಲಿಲ್ಲ. ಈಗ ವಾರದ ರಜೆಯ ಅಂಕಿಯನ್ನು ಪ್ರತಿ ರಜೆಯ ಸಾಲಿನಲ್ಲಿಯೇ, ಆ ರಜೆ ಬರೆಯುವ ಹೊತ್ತಿಗೆ, ಪ್ರತ್ಯೇಕವಾಗಿ ತುಂಬುತ್ತೇವೆ. ನಡೆದುಹೋದ ಸಂಗತಿ ಸೂತ್ರದ ಮೇಲೆ ಅವಲಂಬಿತವಾಗಿರಬಾರದು ಎಂಬ ಈ ಒಂದು ಎಚ್ಚರಿಕೆಯನ್ನು ಹೊಸದಾಗಿ ಹಾಳೆ ಮಾಡುವ ಪ್ರತಿಯೊಬ್ಬರಿಗೂ ಹೇಳಬಯಸುತ್ತೇನೆ.

ಮೂರನೆಯ ಹಾಳೆ ಹಬ್ಬಗಳದು. ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳ 1963ರ ಕಾಯ್ದೆಯ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಸಂಬಳಸಹಿತ ರಜೆಗಳು. ಇವಲ್ಲದೆ ಇನ್ನೂ ಐದು ಹಬ್ಬದ ರಜೆಗಳಿವೆ. ಈ ಹತ್ತು ದಿನಾಂಕಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಸೂತ್ರಕ್ಕೆ ತೋರಿಸಿದರೆ, ಯಾರದೇ ರಜೆಯ ನಡುವೆ ಅವು ಬಂದರೆ ತಾವಾಗಿಯೇ ಎಣಿಕೆಯಿಂದ ಹೊರಗುಳಿಯುತ್ತವೆ. 2025ರಲ್ಲಿ ಬಸವ ಜಯಂತಿ ಏಪ್ರಿಲ್ 30ರ ಬುಧವಾರ ಬಂದು, ಮರುದಿನವೇ ಮೇ 1 ಇತ್ತು. ಆ ವಾರ ಮಂಗಳವಾರದಿಂದ ಶುಕ್ರವಾರದವರೆಗೆ ಊರಿಗೆ ಹೋದ ನೌಕರರ ಖಾತೆಯಿಂದ ಎರಡೇ ದಿನ ಕಡಿತವಾಯಿತು. ಪುಸ್ತಕದ ಕಾಲದಲ್ಲಿ ನಾಲ್ಕೂ ದಿನ ಕೆಂಪು ಶಾಯಿ ಬೀಳುತ್ತಿದ್ದ ಸಂದರ್ಭಗಳು ಎಷ್ಟಿದ್ದವೋ, ಈಗ ಹುಡುಕಿ ಸರಿಪಡಿಸುವಂತಿಲ್ಲ.

ಚಂದ್ರದರ್ಶನದಿಂದ ನಿರ್ಧಾರವಾಗುವ ಹಬ್ಬಗಳಿಗೆ ಈ ಹಾಳೆ ಹೇಳಿ ಮಾಡಿಸಿದಂತಿದೆ. ನಮ್ಮಲ್ಲಿ ದುಡಿಯುವ ಏಳು ಮಂದಿಗೆ ರಂಜಾನ್ ಮುಖ್ಯ ಹಬ್ಬ. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ, ರಂಜಾನ್ ಮರುದಿನ ಸೋಮವಾರ. ಹಿಂದಿನ ಸಂಜೆಯವರೆಗೂ ಖಚಿತವಾಗದ ಈ ದಿನಾಂಕವನ್ನು ಹಬ್ಬಗಳ ಹಾಳೆಯಲ್ಲಿ ಒಂದೇ ಚೌಕದಲ್ಲಿ ತಿದ್ದಿದರೆ, ಆ ವಾರ ರಜೆ ಹಾಕಿದ ಎಲ್ಲರ ಲೆಕ್ಕವೂ ತಾನಾಗಿ ಸರಿಹೋಗುತ್ತದೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಹೊರತಂದ ವಿಸಿಕ್ಯಾಲ್ಕ್ ಎಂಬ ಮೊದಲ ಕಾಲದ ಲೆಕ್ಕದ ಹಾಳೆಯ ಹಿಂದಿದ್ದ ಆಲೋಚನೆಯೂ ಇದೇ: ಒಂದು ಅಂಕಿ ಬದಲಾದರೆ ಅದನ್ನು ನೆಚ್ಚಿಕೊಂಡ ಉಳಿದೆಲ್ಲ ಅಂಕಿಗಳನ್ನು ಮನುಷ್ಯ ಒರೆಸಿ ಬರೆಯುವ ಅಗತ್ಯ ಇರಬಾರದು. ಯುಗಾದಿಯ ಕರಿಗೂ ರಂಜಾನಿಗೂ ಒಟ್ಟಿಗೆ ಲೆಕ್ಕ ಹಾಕಿದ ಆ ಸೋಮವಾರ ನನಗೆ ಆ ಆಲೋಚನೆಯ ಬೆಲೆ ತಿಳಿಯಿತು.

ಎಲ್ಲರಿಗೂ ಒಂದೇ ಹಬ್ಬದ ಪಟ್ಟಿ ಸಾಕಾಗದ ಸಂದರ್ಭವೂ ಬಂತು. 2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆ ಕ್ಷೇತ್ರದ ಮತದಾನ ಮೇ 7ರಂದು ನಡೆದರೆ, ಚಿತ್ರದುರ್ಗ ಕ್ಷೇತ್ರದ ಮತದಾನ ಏಪ್ರಿಲ್ 26ರಂದೇ ಮುಗಿದಿತ್ತು. ಭರಮಸಾಗರದ ಕಡೆಯಿಂದ ಬಂದುಹೋಗುವ ನಮ್ಮ ಇಬ್ಬರು ನೌಕರರು ಚಿತ್ರದುರ್ಗದ ಮತದಾರರು. ಮತದಾನದ ದಿನ ಮತದಾರ ನೌಕರರಿಗೆ ಸಂಬಳಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ಏಪ್ರಿಲ್ 26ನ್ನು ಹಬ್ಬಗಳ ಹಾಳೆಗೆ ಸೇರಿಸಿದರೆ ಇಪ್ಪತ್ತಾರೂ ಮಂದಿಗೆ ರಜೆಯಾಗುತ್ತದೆ, ಸೇರಿಸದಿದ್ದರೆ ಇಬ್ಬರಿಗೆ ಅನ್ಯಾಯವಾಗುತ್ತದೆ. ಕೊನೆಗೆ ರಜೆಯ ಬಗೆಗಳ ಪಟ್ಟಿಯಲ್ಲಿ ‘ಮತದಾನ’ ಎಂಬ ಹೊಸ ಬಗೆಯೊಂದನ್ನು ಸೇರಿಸಿ, ಅದು ಬಾಕಿಯಿಂದ ಕಳೆಯದಂತೆ ಸೂತ್ರದಲ್ಲಿ ಏರ್ಪಾಡು ಮಾಡಿದೆ. ಸಿದ್ಧ ಆ್ಯಪ್ ಒಂದರಲ್ಲಿ ಇದಕ್ಕಾಗಿ ಯಾರಿಗೋ ಫೋನು ಮಾಡಿ ಕಾಯಬೇಕಿತ್ತು.

ಸಲ್ಲುವ ರಜೆ ಎಷ್ಟು ಎಂಬುದನ್ನು ಹಾಳೆಯಲ್ಲಿ ಬರೆಯುವ ಮೊದಲು ಕಾನೂನು ಓದಬೇಕಾಯಿತು, ಅದೂ ಒಳ್ಳೆಯದೇ ಆಯಿತು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಪ್ರತಿ ಇಪ್ಪತ್ತು ದಿನದ ಕೆಲಸಕ್ಕೆ ಒಂದು ದಿನದ ಗಳಿಕೆ ರಜೆ ಕೊಡುತ್ತದೆ. 300 ದಿನ ದುಡಿದವರಿಗೆ 15 ದಿನ. ಇದಲ್ಲದೆ ಸೇವೆಯ ಪ್ರತಿ ಹನ್ನೆರಡು ತಿಂಗಳಲ್ಲಿ ಕಾಯಿಲೆ, ಅಪಘಾತ ಅಥವಾ ಬೇರೆ ಸಕಾರಣಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆಯಿದೆ. ನಮ್ಮ ಹಳೆಯ ಪುಸ್ತಕದಲ್ಲಿ ಈ ಎರಡೂ ಒಂದೇ ‘ರ’ ಅಕ್ಷರದಲ್ಲಿ ಸೇರಿಹೋಗಿದ್ದವು, ಜ್ವರ ಬಂದು ಮಲಗಿದವರ ಗಳಿಕೆ ರಜೆಯೇ ಖರ್ಚಾಗುತ್ತಿತ್ತು. ಹಾಳೆಯಲ್ಲಿ ಎರಡಕ್ಕೂ ಬೇರೆ ಬೇರೆ ಕಂಬಸಾಲು ಬಂದ ಮೇಲೆ ಸಾವುಕಾರರಿಗೂ ಇದು ಮನದಟ್ಟಾಯಿತು. ಕಾನೂನು ಕೇಳುವ ರಿಜಿಸ್ಟರುಗಳನ್ನು ಮಾತ್ರ ನಾವು ಅದರದೇ ನಮೂನೆಯಲ್ಲಿ ಈಗಲೂ ಇಡುತ್ತೇವೆ. ಈ ಹಾಳೆ ಅವುಗಳಿಗೆ ಬದಲಿಯಾಗುವುದಿಲ್ಲ.

ದಿನಾಂಕದ ಬಗ್ಗೆ ಒಂದು ಮಾತು. ಹಾಳೆಯ ಲೊಕೇಲ್, ಅಂದರೆ ಯಾವ ದೇಶದ ರೂಢಿಯಂತೆ ದಿನಾಂಕ ಓದಬೇಕೆಂಬ ಆಯ್ಕೆ, ಅಮೆರಿಕ ಎಂದಿದ್ದರೆ 05/06 ಎಂಬುದನ್ನು ಅದು ಮೇ 6 ಎಂದು ಓದುತ್ತದೆ, ನಾವು ಬರೆದದ್ದು ಜೂನ್ 5. ಅದೇ 15/06 ಎಂದು ಬರೆದರೆ ಹದಿನೈದನೆಯ ತಿಂಗಳಿಲ್ಲದ ಕಾರಣ ಅದನ್ನು ದಿನಾಂಕವೆಂದೇ ಒಪ್ಪದೆ ಬರಿಯ ಅಕ್ಷರವಾಗಿ ಉಳಿಸಿಕೊಳ್ಳುತ್ತದೆ. ಗುರುತು ಹಿಡಿಯುವುದು ಸುಲಭ: ದಿನಾಂಕವೆಂದು ಒಪ್ಪಿದ್ದು ಚೌಕದ ಬಲಕ್ಕೆ, ಅಕ್ಷರವೆಂದು ತಿಳಿದದ್ದು ಎಡಕ್ಕೆ ನಿಲ್ಲುತ್ತದೆ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಅನ್ನು ಭಾರತ ಎಂದು ಮಾಡಿ, ಆಮೇಲೆ ಮೊದಲ ದಿನಾಂಕ ಬರೆಯಬೇಕು. ಹೆಸರುಗಳ ವಿಷಯದಲ್ಲಿಯೂ ಇಂಥದ್ದೇ ಎಚ್ಚರ ಬೇಕು. ಅಂಗಡಿಯ ಹಳೆಯ ಪತ್ರಗಳೆಲ್ಲ ‘ನುಡಿ’ ತಂತ್ರಾಂಶದ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿದ್ದುದರಿಂದ, ಅಲ್ಲಿಂದ ನಕಲು ಮಾಡಿ ಅಂಟಿಸಿದ ಹೆಸರುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಂದವು. ಇಪ್ಪತ್ತಾರು ಹೆಸರುಗಳನ್ನು ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿದ ಮೇಲೆ ಕನ್ನಡದಲ್ಲಿ ಹುಡುಕುವುದಕ್ಕೂ ಆರಿಸುವುದಕ್ಕೂ ತೊಂದರೆಯಾಗಿಲ್ಲ.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಬಂದಾಗ ಇಡೀ ಊರಿಗೇ ನೆಂಟರು ಬರುತ್ತಾರೆ. ಮನೆಯಲ್ಲಿ ನೆಂಟರಿರುವಾಗ ಕೌಂಟರಿನಲ್ಲಿ ನಿಲ್ಲುವುದು ಯಾರಿಗೂ ಇಷ್ಟವಿಲ್ಲ. ಅದೇ ದಿನಗಳಲ್ಲಿ ಅಂಗಡಿಗೂ ಜನ. ಒಂದೇ ದಿನಕ್ಕೆ ಎಷ್ಟು ಮಂದಿ ರಜೆ ಕೇಳಿದ್ದಾರೆಂಬುದು ಮೊದಲೆಲ್ಲ ಆ ದಿನ ಬೆಳಗ್ಗೆ ಶಟರ್ ಎತ್ತಿದ ಮೇಲೆಯೇ ತಿಳಿಯುತ್ತಿತ್ತು. ಈಗ ನಾಲ್ಕನೆಯ ಹಾಳೆಯೊಂದರಲ್ಲಿ ವರ್ಷದ ದಿನಾಂಕಗಳನ್ನು ಸಾಲಾಗಿ ಬರೆದು, ಪ್ರತಿ ದಿನಾಂಕದ ಎದುರು ಕೌಂಟ್‌ಇಫ್ಸ್ ಸೂತ್ರ ಹಾಕಿದ್ದೇನೆ: ರಜೆಯ ಮೊದಲ ದಿನ ಆ ದಿನಾಂಕದಂದು ಅಥವಾ ಅದಕ್ಕೂ ಮುಂಚೆ, ಕೊನೆಯ ದಿನ ಆ ದಿನಾಂಕದಂದು ಅಥವಾ ಅದರ ನಂತರ, ಇಂಥ ಸಾಲುಗಳು ಎಷ್ಟು. ನಾಲ್ಕು ದಾಟಿದರೆ ಕಂಡಿಷನಲ್ ಫಾರ್ಮ್ಯಾಟಿಂಗ್‌ನಿಂದ ಚೌಕ ಕೆಂಪಾಗುತ್ತದೆ. ಜಾತ್ರೆಗೆ ಮೂರು ವಾರ ಮೊದಲೇ ಆ ಕೆಂಪು ಚೌಕಗಳನ್ನು ಮುಂದಿಟ್ಟುಕೊಂಡು ಎಲ್ಲರೂ ಕೂತು ಮಾತನಾಡಿದೆವು. ಯಾರು ಬೆಳಗಿನ ಪಾಳಿ, ಯಾರು ಸಂಜೆ, ಯಾರಿಗೆ ಪೂರ್ತಿ ರಜೆ ಎಂಬುದನ್ನು ತಾವೇ ಹಂಚಿಕೊಂಡರು. ಈ ಹಾಳೆ ಕೊಟ್ಟದ್ದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಆ ಮುಂಗಡ ಮೂರು ವಾರ.

ಹಂಚಿಕೊಳ್ಳುವ ಸೌಲಭ್ಯವನ್ನು ಬಹಳ ಯೋಚಿಸಿ ಬಳಸಬೇಕು. ಬರೆಯುವ ಅನುಮತಿ ನಮ್ಮಲ್ಲಿ ಇಬ್ಬರಿಗೆ ಮಾತ್ರವಿದೆ, ಸಾವುಕಾರರೂ ಸೇರಿ ಹಾಳೆ ಹಂಚಿಕೊಂಡ ಉಳಿದವರು ನೋಡಬಹುದಷ್ಟೆ. ಯಾರು ಯಾವಾಗ ಏನು ತಿದ್ದಿದರೆಂಬುದನ್ನು ವರ್ಶನ್ ಹಿಸ್ಟರಿ ತೋರಿಸುವುದರಿಂದ ಆ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ. ಚೌಕಗಳಿಗೆ ಬೀಗ ಹಾಕುವ ವ್ಯವಸ್ಥೆ ಕೈತಪ್ಪಿ ಸೂತ್ರ ಅಳಿಸಿಹೋಗದಂತೆ ಕಾಯುತ್ತದೆ, ಗುಟ್ಟನ್ನು ಕಾಯುವ ಸಾಮರ್ಥ್ಯ ಅದಕ್ಕಿಲ್ಲ. ಮರೆಮಾಡಿದ ಹಾಳೆಯನ್ನು ಕಡತದ ನಕಲು ಮಾಡಿಕೊಂಡವರು ತೆರೆದು ನೋಡಬಹುದು. ಮೊದಲ ಮೂರು ತಿಂಗಳು ನಾನು ಎಲ್ಲರ ರಜೆಯ ಬಗೆ ಮತ್ತು ಬಾಕಿಯನ್ನು ಮುದ್ರಿಸಿ ಗೋದಾಮಿನ ಮೆಟ್ಟಿಲ ಬಳಿ ಅಂಟಿಸುತ್ತಿದ್ದೆ. ಸಿದ್ಧ ಉಡುಪಿನ ವಿಭಾಗದ ಹೆಣ್ಣುಮಕ್ಕಳು ಬಂದು, ಕಾಯಿಲೆಗೆ ಎಷ್ಟು ದಿನ ಹೋದೆವೆಂಬುದನ್ನು ಎಲ್ಲರೂ ಓದುವುದು ಸರಿಯಲ್ಲ ಎಂದರು. ಅವರು ಹೇಳಿದ್ದು ನ್ಯಾಯವಾಗಿತ್ತು. ಈಗ ಪಗಾರದ ಚೀಟಿಯ ಜೊತೆ ಪ್ರತಿಯೊಬ್ಬರಿಗೂ ಅವರದೇ ಬಾಕಿಯ ಒಂದು ಸಣ್ಣ ಚೀಟಿ ಹೋಗುತ್ತದೆ, ಗೋಡೆಯ ಮೇಲೆ ಹಬ್ಬಗಳ ಪಟ್ಟಿ ಮಾತ್ರ ಉಳಿದಿದೆ, ಕಾಯಿಲೆಯ ವಿವರವನ್ನು ಹಾಳೆಯಲ್ಲಿ ಎಲ್ಲಿಯೂ ಬರೆಯುವುದಿಲ್ಲ.

ಇದೇ ಕೆಲಸವನ್ನು ಎಕ್ಸೆಲ್‌ನಲ್ಲಿ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿಯೂ ಮಾಡಬಹುದು. ನಾನು ಹೇಳಿದ ಸೂತ್ರಗಳೆಲ್ಲ ಅವುಗಳಲ್ಲಿಯೂ ಇವೆ. ಇಂಟರ್‌ನೆಟ್ ಇಲ್ಲದ ಜಾಗದಲ್ಲಿ, ಒಬ್ಬರೇ ಲೆಕ್ಕ ನೋಡುವ ಕಡೆ ಕ್ಯಾಲ್ಕ್ ಸಾಕು ಎಂಬುದು ನನ್ನ ಅಭಿಪ್ರಾಯ. ಮಾಲೀಕರು ಮತ್ತು ಲೆಕ್ಕದವರು ಬೇರೆ ಬೇರೆ ಕಡೆ ಇರುವಲ್ಲಿ ಶೀಟ್ಸ್ ಮೇಲು. ಮೂವತ್ತು, ನಲವತ್ತು ಜನರಿರುವ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಖಾಸಗಿ ಶಾಲೆಗಳಿಗೆ ಇದನ್ನು ಯಾವ ಹಿಂಜರಿಕೆಯೂ ಇಲ್ಲದೆ ಸೂಚಿಸುತ್ತೇನೆ. ಮೂರು ಪಾಳಿಯಲ್ಲಿ ನೂರಾರು ಮಂದಿ ದುಡಿಯುವ ಕಾರ್ಖಾನೆಗೆ ಸೂಚಿಸಲಾರೆ, ಏಕೆಂದರೆ ಅಲ್ಲಿ ರಜೆಯನ್ನು ಬರೆಯುವ ಕೈಗಳು ಹೆಚ್ಚು, ಒಂದು ಸಾಲು ಬಿಟ್ಟುಹೋದರೆ ಗಮನಿಸುವವರು ಕಡಿಮೆ. ಹಾಳೆ ತಾನಾಗಿ ಯಾರನ್ನೂ ನೆನಪಿಸುವುದಿಲ್ಲ. ಬರೆಯದ ರಜೆ ಅದಕ್ಕೆ ಗೊತ್ತಿಲ್ಲ. ನಾವು ಪ್ರತಿದಿನ ಬೆಳಗ್ಗೆ ಹನ್ನೊಂದಕ್ಕೆ, ಹಾಜರಿ ತೆಗೆದುಕೊಂಡ ಕೂಡಲೇ, ಹಿಂದಿನ ದಿನದ ಸಾಲುಗಳನ್ನು ತುಂಬುತ್ತೇವೆ.

ವರ್ಷ ಬದಲಾಗುವಾಗ ಕೆಲಸ ಸ್ವಲ್ಪ ಹೆಚ್ಚು. ನಮ್ಮ ತೆರಿಗೆಯ ವರ್ಷ ಏಪ್ರಿಲ್‌ಗೆ ಆರಂಭ, ಹೊಸ ಖಾತೆ ಪುಸ್ತಕದ ಪೂಜೆ ದೀಪಾವಳಿಗೆ, ರಜೆಯ ವರ್ಷ ಮಾತ್ರ ಜನವರಿಗೆ. ಡಿಸೆಂಬರ್ 29ರಿಂದ ಜನವರಿ 3ರವರೆಗೆ ಹೋದವರ ರಜೆಯನ್ನು ಎರಡು ಸಾಲಾಗಿ ಒಡೆದು ಬರೆಯಬೇಕು, ಹಳೆಯ ಕಡತದ ನಕಲು ಮಾಡಿ, ಉಳಿದ ಗಳಿಕೆ ರಜೆಯನ್ನು ಸೂತ್ರವಾಗಿ ತರದೆ ಬರಿಯ ಅಂಕಿಯಾಗಿ ಹೊಸ ಕಡತಕ್ಕೆ ಅಂಟಿಸಬೇಕು. ಕಳೆದ ಡಿಸೆಂಬರಿನಲ್ಲಿ ಆ ಕೆಲಸ ಮಾಡುತ್ತಿದ್ದಾಗ, ಮಗಳ ಬಾಣಂತನಕ್ಕೆ ಹೋಗಿಬಂದಿದ್ದ ಸೀರೆ ವಿಭಾಗದ ಆ ಹಿರಿಯರು ಪಕ್ಕದಲ್ಲಿ ಕೂತು ತಮ್ಮ ಇಡೀ ವರ್ಷದ ಸಾಲುಗಳನ್ನು ಒಂದೊಂದಾಗಿ ಓದಿಸಿಕೊಂಡರು. ಹನ್ನೊಂದು ಸಾಲು, ಹದಿಮೂರೂವರೆ ದಿನ. ಅಕ್ಟೋಬರಿನ ಅರ್ಧ ದಿನವೊಂದನ್ನು ಪೂರ್ತಿ ದಿನವೆಂದು ಬರೆದಿದ್ದನ್ನು ಅವರೇ ತೋರಿಸಿದರು, ಅಲ್ಲಿಯೇ ತಿದ್ದಿ, ಹದಿಮೂರು ಎಂದು ಮಾಡಿ, ಚೀಟಿ ಮುದ್ರಿಸಿ ಅವರ ಕೈಗೆ ಕೊಟ್ಟೆ.